ತಂತಿಯಾಚೆಯ ಮಣ್ಣು

ಮುಳ್ಳುತಂತಿ ಎದೆಗೆ ತಾಗುವಷ್ಟು ಹತ್ತಿರ ಬಂದ ಮೇಲೆ ನಾಲ್ವರೂ ಶವಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಿದರು. ಕಾಲುದಾರಿ ತಂತಿಯ ಆಚೆಗೂ ಹೋಗಿತ್ತು. ಅದರ ಕೊನೆಯ ದಿಬ್ಬದಲ್ಲಿ ಲಾಸ್ ಸಾಬಿನೋಸ್ ಊರಿನ ಶಿಲುಬೆಗಳು. ಪೆಟ್ಟಿಗೆಯೊಳಗಿದ್ದ ಲಿಬ್ರಾದೊನ ಒಬ್ಬಳೇ ಮಗಳು ಇನೆಸ್ ಅಲ್ಲೇ ಮಲಗಿದ್ದಳು. ಅವಳ ಪಕ್ಕ ಮಣ್ಣುಮಾಡಿ ಎಂದಷ್ಟೇ ಅವನು ಸಾಯುವಾಗ ಕೇಳಿದ್ದು.

ಆಚೆ ಬದಿ ಅಗಾಪಿತೊ ಬಂದೂಕು ಹಿಡಿದು ನಿಂತಿದ್ದ. ಅದೇ ಊರಿನವನು, ಈಗ ಭೂಮಿ ಕಂಪನಿಯ ಕಾವಲಿನವನು.

"ಬಿಡೋ ಹಾಗಿಲ್ಲ, ನಿಕಾನೋರಣ್ಣ. ಹೊಳೆ ಪಕ್ಕ ಹೂಳ್ಕೊಳ್ಳಿ ಅಂದಿದಾರೆ ಸಾಹೇಬ್ರು."

"ಹೊಳೆ ಪಕ್ಕ ಸತ್ತ ಕುರಿ ಹೂಳ್ತೀವಿ ಕಣೋ," ಎಂದ ಸತ್ತವನ ತಮ್ಮ ನಿಕಾನೋರ್. "ನಿಮ್ಮಮ್ಮನೂ ಆ ದಿಬ್ಬದಲ್ಲೇ ಮಲಗಿರೋದು. ಅವಳ್ನ ನೋಡೋಕೂ ಸಾಹೇಬ್ರ ಅಪ್ಪಣೆ ತಗೋತೀಯಾ?"

"ನನ್ನ ಯಾಕೆ ಬೈತೀಯ? ಈ ಗೂಟ ನೆಟ್ಟಿದ್ದು ನಾನಲ್ಲ. ಪೆಟ್ಟಿಗೇಲಿದಾನಲ್ಲ, ಅವನ್ನ ಕೇಳು."

ಲಿಬ್ರಾದೊನ ಹೆಂಡತಿ ತೊಮಾಸಾ ಕಪ್ಪು ಶಾಲನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.

*

ನ್ಯೂ ಮೆಕ್ಸಿಕೋಗೆ ರೈಲು ಬಂತು, ರೈಲಿನ ಹಿಂದೆ ಕಂಪನಿ ಬಂತು. ಇಡೀ ಊರು ಕುರಿ ಮೇಯಿಸುತ್ತಿದ್ದ ಗುಡ್ಡ ಒಂದು ಬೆಳಿಗ್ಗೆ ಯಾರದೋ ಆಸ್ತಿಯಾಗಿತ್ತು. ಕುರಿಗಳು ಹೋದ ಮೇಲೆ ಕುರುಬನಿಗೆ ಉಳಿದದ್ದು ತನ್ನ ಗುಡ್ಡಕ್ಕೆ ತಾನೇ ಬೇಲಿ ಹಾಕುವ ಕೂಲಿ. ಬೇಲಿ ಸ್ಮಶಾನದ ದಾರಿಗೆ ಬಂದಾಗ ಲಿಬ್ರಾದೊ ಅಲ್ಲೊಂದು ಗೇಟು ಬಿಡಿ ಎಂದು ಕೇಳಿದ. "ಹೆಣಗಳಿಗೆ ಗೇಟಾ?" ಎಂದು ಮೇಸ್ತ್ರಿ ನಕ್ಕ.

ಆ ಸಂಜೆ ತೊಮಾಸಾ ರೊಟ್ಟಿ ಹಾಕುತ್ತ ಕೇಳಿದಳು, "ಮಗಳ ದಾರಿಗೆ ಗೂಟ ಹೊಡಿಯೋಕೆ ಮನಸ್ಸು ಹೇಗೆ ಬಂತು?"

"ಹೊಟ್ಟೆಗೆ ಬೇಕಲ್ಲ."

"ಮಣ್ಣು ತಿಂದ್ಕೊಂಡು ಇರ್ತಿದ್ದೆ ನಾನು."

ಅವನು ಏನೋ ಹೇಳಲು ಬಾಯಿ ತೆರೆದ. ಜೊತೆಯ ಕೂಲಿಗಳು ಅಂಗಳದಲ್ಲೇ ಕೂತಿದ್ದರು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅಂದಿನಿಂದ ಎರಡು ವರ್ಷ ಅವಳು ಅವನಿಗೆ ರೊಟ್ಟಿ ಹಾಕಿದಳು, ಮಾತಾಡಿಸಲಿಲ್ಲ.

*

ನಿಕಾನೋರ್ ತಂತಿ ದಾಟಲೆಂದು ಗೂಟ ಹಿಡಿದು ಕಾಲೆತ್ತಿದ. ಗೂಟ ವಾಲಿತು. ಪಕ್ಕದ್ದನ್ನು ಅಲುಗಿಸಿದ. ಅದೂ ವಾಲಿತು.

"ಅತ್ತಿಗೆ, ಬನ್ನಿ ಇಲ್ಲಿ."

ಗೂಟ ನೆಲದೊಳಗೆ ಗೇಣುದ್ದವೂ ಇಳಿದಿರಲಿಲ್ಲ. ಲಿಬ್ರಾದೊ ಬುಡಕ್ಕೆ ಕಲ್ಲು ತುರುಕಿ ಮೇಲೆ ಮಣ್ಣು ಸವರಿದ್ದ. ದಾರಿಗೆ ಅಡ್ಡ ನಿಂತಿದ್ದ ನಾಲ್ಕೂ ಹಾಗೇ. ಒಂದು ಪೆಟ್ಟಿಗೆ, ಅದನ್ನು ಹೊತ್ತವರು ಹೋಗುವಷ್ಟು ಅಗಲ.

ತೊಮಾಸಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ನನ್ನ ಹತ್ರ ಹೇಳಬಾರದಿತ್ತಾ?"

"ಹೇಳಿದ್ರೆ ಊರಿಗೆ ಗೊತ್ತಾಗ್ತಿತ್ತು ಅತ್ತಿಗೆ," ಎಂದ ನಿಕಾನೋರ್. "ಊರಿಗೆ ಗೊತ್ತಾದ್ರೆ ಕಂಪನಿಗೆ."

ಅವಳು ಕೇಳಿದ್ದು ನಿಕಾನೋರನನ್ನಲ್ಲ.

ಬೇಲಿಯನ್ನು ನೆಲಕ್ಕೆ ಮಲಗಿಸಿದರು. ಅಗಾಪಿತೊ ಬಂದೂಕು ಎತ್ತಲಿಲ್ಲ. ಹೆಂಗಸರ ಲಂಗ ಸಿಕ್ಕಿಕೊಳ್ಳದಿರಲೆಂದು ಬೂಟುಗಾಲಿನಲ್ಲಿ ತಂತಿ ಮೆಟ್ಟಿಕೊಂಡು ನಿಂತ.

ಇನೆಸಳ ಪಕ್ಕ ಲಿಬ್ರಾದೊನನ್ನು ಮಣ್ಣುಮಾಡಿ ಎಲ್ಲರೂ ಹಿಂದಿರುಗಿದಾಗಲೂ ಅಗಾಪಿತೊ ಅಲ್ಲೇ ಇದ್ದ.

"ಇದನ್ನ ಮತ್ತೆ ನಿಲ್ಲಿಸಬೇಕು, ತೊಮಾಸಕ್ಕ. ನಾಳೆ ಸಾಹೇಬ್ರು ಬರ್ತಾರೆ. ಆಳವಾಗಿ ಹೂಳಿಸ್ತಾರೆ ಈ ಸಲ."

ತೊಮಾಸಾ ಬೇಲಿಯುದ್ದಕ್ಕೆ ನಡೆದು ಮುಂದಿನ ಗೂಟಕ್ಕೆ ಭುಜ ಕೊಟ್ಟು ನೂಕಿದಳು. ಅದು ಅಲುಗಲಿಲ್ಲ.

"ಅದು ಗಟ್ಟಿ, ಅತ್ತಿಗೆ. ಅದನ್ನ ಸರಿಯಾಗೇ ನೆಟ್ಟಿದಾನೆ ಅಣ್ಣ."

ಅವಳು ನಿಕಾನೋರನ ಕೈಯಿಂದ ಸಲಿಕೆ ಕಿತ್ತುಕೊಂಡಳು. ಗಂಡನ ಗುಂಡಿಯ ಹಸಿಮಣ್ಣು ಅದಕ್ಕಿನ್ನೂ ಮೆತ್ತಿತ್ತು. ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಗೂಟದ ಬುಡವನ್ನು ಅಗೆಯತೊಡಗಿದಳು.