ಹಲ್ಲಿನ ಹರಾಜು

ಕನ್ನಡಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಒಂದು ದೊಡ್ಡ ಕಷ್ಟವಿದೆ. ಮುಖ ಸಣ್ಣಗಾದರೆ ಮುಚ್ಚಿಡಲು ಜಾಗವೇ ಇರುವುದಿಲ್ಲ. ಆ ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಾಗ ಗಲ್ಲಾದಲ್ಲಿ ಕೂತಿದ್ದ ಸೊಸೆಯ ಪೆಚ್ಚುಮೋರೆ ಎದುರಿನ ಆಳೆತ್ತರದ ಕನ್ನಡಿಯಲ್ಲಿ ಕಂಡಿತು, ಪಕ್ಕದ ಮೊಟ್ಟೆಯಾಕಾರದ ಕನ್ನಡಿಯಲ್ಲಿ ಕಂಡಿತು, ಬಚ್ಚಲಿಗೆ ಹಾಕುವ ಚಿಲ್ಲರೆ ಕನ್ನಡಿಗಳಲ್ಲೆಲ್ಲ ಕಂಡಿತು. ಸೊಸೆ ಅಂದರೆ ಯಾರ ಸೊಸೆ ಎನ್ನುತ್ತೀರಾ? ಹೇಳುತ್ತೇನೆ, ತಡೆಯಿರಿ. ಈ ಕತೆಯ ಅರ್ಧ ತಂಟೆ ಅವಳ ಮಾವನದೇ.

ಫೋನು ಎತ್ತಿದವಳು ಅಂಗಡಿಯ ಯಜಮಾನಿ. ಆಚೆ ಕಡೆಯ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ನಿಮ್ಮ ಗಲ್ಲಾದವರ ಮನೆಯಲ್ಲಿ ಒಂದು ಹಳೆಯ ಬಾಕಿ ಇದೆ, ಅವರ ಮಾವ ಹಲ್ಲು ಕಟ್ಟಿಸಿಕೊಂಡು ದುಡ್ಡು ಕೊಟ್ಟಿಲ್ಲ, ದಯವಿಟ್ಟು ಸ್ವಲ್ಪ ನೆನಪು ಮಾಡಿ ಎಂದಿತು. ವಸೂಲಿ ಕಂಪನಿಯ ಫೋನು ಅಂಗಡಿಗೆ ಬಂದದ್ದು ಇದೇ ಮೊದಲೇನೂ ಅಲ್ಲ. ಯಜಮಾನಿ ಕೆಟ್ಟವಳೇನಲ್ಲ. ಆದರೆ ಗಾಜಿನ ವ್ಯಾಪಾರ ಮಾಡಿ ಮಾಡಿ, ಏನು ಕಂಡರೂ ಬಿರುಕು ಹುಡುಕುವ ಚಾಳಿ ಅವಳಿಗೆ ಅಂಟಿಕೊಂಡಿತ್ತು.

"ನೋಡಮ್ಮ, ಗಲ್ಲಾದಲ್ಲಿ ಕೂರೋರ ಮನೇಲೇ ಸಾಲಗಾರರ ಕಾಟ ಅಂದ್ರೆ ನಂಗೆ ನಿದ್ದೆ ಬರಲ್ಲ. ಇನ್ನೊಂದ್ ಸಲ ಈ ಫೋನ್ ಬಂತೋ, ನೀನು ಬರೋದ್ ಬೇಡ" ಎಂದು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟಳು. ಕುಕ್ಕಿದ್ದರೂ ಚೆನ್ನಾಗಿತ್ತು. ಮೆಲ್ಲಗೆ ಇಟ್ಟದ್ದೇ ಸೊಸೆಯ ಎದೆಗೆ ನಾಟಿತು.

ಮನೆಯಲ್ಲಿ ದಿನಾ ಒಲೆ ಹೊತ್ತುತ್ತಿದ್ದದ್ದು ಅವಳ ಸಂಬಳದಿಂದ. ಗಂಡ ಲಾರಿ ಓಡಿಸುತ್ತಿದ್ದ. ವಾರಕ್ಕೊಮ್ಮೆ ಮನೆಗೆ ಬಂದು, ಉಂಡು, ಮಲಗಿ, ಅಪ್ಪನ ವಿಷಯ ಎತ್ತಿದರೆ ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ ಎಂದು ಮಗ್ಗುಲಾಗುತ್ತಿದ್ದ. ಇನ್ನು ಆ ಅಪ್ಪ ಎಂಬ ಮಹಾನುಭಾವನಿಗೆ ಬರೋಣ.

ಮಾವ ಒಂದು ಕಾಲದಲ್ಲಿ ಹರಾಜು ಕೂಗುತ್ತಿದ್ದವನು. ಹಳೆಯ ಬೀರು, ಗಡಿಯಾರ, ಮುಚ್ಚಿಹೋದ ಹೋಟೆಲಿನ ಪಾತ್ರೆ, ಏನೇ ಇರಲಿ, ಅವನು ಮೇಜಿನ ಹಿಂದೆ ನಿಂತು ಬಾಯಿ ತೆರೆದನೆಂದರೆ ಕೊಳ್ಳುವ ಮನಸ್ಸಿಲ್ಲದವನ ಕೈಯೂ ಜೇಬಿಗೆ ಹೋಗುತ್ತಿತ್ತು. ಒಂದ್ಸಲ, ಎರಡ್ಸಲ, ಮೂರ್ಸಲ ಎಂದು ಕೂಗಿ ಸುತ್ತಿಗೆ ಬಡಿಯುತ್ತಿದ್ದುದಕ್ಕೆ ಬೀದಿಯವರು ಈಗಲೂ ಅವನನ್ನು ಮೂರ್ಸಲದ ತಾತ ಎಂದೇ ಕರೆಯುತ್ತಾರೆ. ಹಲ್ಲು ಉದುರಿದ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ಒಂದು ಸೆಟ್ಟು ಕಟ್ಟಿಸಿಕೊಂಡ, ದುಡ್ಡನ್ನು ಅಲ್ಲಿಯೇ ಎಣಿಸಿ ಕೊಟ್ಟ. ಅದು ಸಡಿಲವಾಯಿತು. ಸರಿಮಾಡಿಕೊಡಿ ಎಂದು ಹೋದರೆ ಡಾಕ್ಟರು ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಗುಲಾಬಿ ಬಣ್ಣದ ಅಚ್ಚಿನ ಹಿಟ್ಟನ್ನು ಗಂಟಲವರೆಗೆ ಮೆತ್ತಿ, ಆಮೇಲೆ ಕೇಳಿದರು: ಹೊಸದೇ ಮಾಡಿಬಿಡೋಣ, ಒಳ್ಳೆಯ ಮಾಲು, ಸ್ವಲ್ಪ ಹೆಚ್ಚಾಗುತ್ತದೆ, ಆಗಬಹುದಾ? ಬಾಯಿ ತುಂಬ ಹಿಟ್ಟು ತುಂಬಿಕೊಂಡವನು ಏನೆಂದಾನು? ಉಸಿರು ಕಟ್ಟುತ್ತಿತ್ತು, ಈ ಸಂಕಟ ಮುಗಿದರೆ ಸಾಕೆಂದು ಗೋಣು ಆಡಿಸಿದ.

ಆ ಹೊಸ ಸೆಟ್ಟು ಮಾತಿನ ಕೊನೆಗೆ ಕಟಕ್ ಎನ್ನುತ್ತಿತ್ತು. ಬೇರೆ ಯಾರ ಬಾಯಲ್ಲಿ ಕಟಕ್ ಎಂದರೂ ನಡೆದೀತು, ಹರಾಜು ಕೂಗುವವನ ಬಾಯಲ್ಲಿ ನಡೆದೀತೆ? ಒಂದು ದಿನ ತೇಗದ ಬೀರುವಿನ ಬೆಲೆ ಇನ್ನೂ ಕೆಳಗೇ ಇತ್ತು. ಮಾವ ಒಂದ್ಸಲ ಎಂದ, ಹಲ್ಲು ಕಟಕ್ ಎಂದಿತು, ಸುತ್ತಿಗೆ ಬಿತ್ತೆಂದು ತಿಳಿದು ಒಬ್ಬ ಬೀರುವನ್ನು ಎತ್ತಿಸಿಕೊಂಡು ನಡೆದೇಬಿಟ್ಟ. ಬೀರು ಸ್ಟೂಲಿನ ಬೆಲೆಗೆ ಹೋಯಿತು. ಇಂಥದ್ದು ಮತ್ತೆ ಮತ್ತೆ ಆದ ಮೇಲೆ ಮಾವನ ಕೆಲಸವೂ ಹೋಯಿತು. ಅಷ್ಟು ಅನುಭವಿಸಿದ ಮೇಲೆ ಎಂಟು ಸಾವಿರದ ಬಿಲ್ಲು ಬಂತು ನೋಡಿ, ಮಾವ ಅದನ್ನು ಓದಿ, ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟ. ಹಲ್ಲನ್ನು ಸ್ಟೀಲಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟ. ಹಳೆಯ ಸಡಿಲ ಸೆಟ್ಟಿನಲ್ಲೇ ಉಂಡು, ಮಾತು ಕಡಿಮೆ ಮಾಡಿಬಿಟ್ಟ. ಡಾಕ್ಟರು ತಮ್ಮ ದವಾಖಾನೆ ಮುಚ್ಚುವಾಗ ತಮ್ಮ ಬಾಕಿಗಳನ್ನೆಲ್ಲ ವಸೂಲಿ ಕಂಪನಿಗೆ ಮಾರಿ ಹೋದರು. ವರ್ಷಗಳಾದ ಮೇಲೆ ಮಾವನ ಆ ಬಾಕಿ ಈಗ ಕೊಳೆತು ನಾರುತ್ತಿತ್ತು.

ಆ ಶನಿವಾರ ಸಂಜೆ ಬೆಣ್ಣೆ ದನಿಯ ಮನುಷ್ಯ ಖುದ್ದಾಗಿ ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಎದೆಗೊಂದು ಬ್ಯಾಗು. ವಸೂಲಿಯವನೆಂದರೆ ಮೀಸೆ ತಿರುವುತ್ತಾನೆ, ಬಾಗಿಲು ಒದೆಯುತ್ತಾನೆ ಎಂದು ಅಂದುಕೊಂಡಿದ್ದ ಸೊಸೆಗೆ ಇವನ ವಿನಯ ಕಂಡು ಇನ್ನೂ ಭಯವಾಯಿತು. ಅವಳು ಒಂದು ಹೇಳಿದರೆ ತಲೆಯಾಡಿಸುತ್ತಾನೆ, ಎರಡು ಹೇಳಿದರೆ ತಲೆಯಾಡಿಸುತ್ತಾನೆ. ಅಂಗಡಿಗೆ ಫೋನು ಮಾಡಬೇಡಿ, ನನ್ನ ಕೆಲಸ ಹೋಗುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಕೋಲೆಬಸವನ ಹಾಗೆ ಅದಕ್ಕೂ ತಲೆಯಾಡಿಸಿದ. ಇವನಿಗೆ ಎಲ್ಲ ಅರ್ಥವಾಗುತ್ತಿದೆ, ದೇವರಂಥವನು ಎಂದು ಅವಳಿಗೆ ಅನಿಸುವಷ್ಟರಲ್ಲಿ ಅವನು ಬಾಯಿಬಿಟ್ಟ.

"ಆಯ್ತಮ್ಮ. ಯಾವಾಗ ಕಟ್ತೀರಾ?"

ಅದು ಅವರ ಕಂಪನಿಯಲ್ಲಿ ಕಲಿಸುವ ವಿದ್ಯೆ. ಎದುರಿನವರು ಮಾತಾಡುವಾಗ ತಲೆಯಾಡಿಸುತ್ತಲೇ ಇರಬೇಕು. ಒಡಲಲ್ಲಿದ್ದದ್ದನ್ನೆಲ್ಲ ಸುರಿದು ಅವರು ಬರಿದಾದ ಮೇಲೆ ಕೇಳಬೇಕು. ಅವಳು ಸಿಟ್ಟಿನಿಂದ, ಮಾವ ಎಲ್ಲಿ ಸಹಿ ಹಾಕಿದ್ದಾರೆ ತೋರಿಸಿ ಎಂದಳು. ಸಹಿಯಿಲ್ಲ, ಆದರೆ ಕುರ್ಚಿಯಲ್ಲಿ ಮಲಗಿದ್ದಾಗ ಒಪ್ಪಿ ತಲೆಯಾಡಿಸಿದರು ಎಂದು ಡಾಕ್ಟರು ಬರೆದಿಟ್ಟಿದ್ದಾರೆ, ಅಷ್ಟು ಸಾಕು ಎಂದ.

ಅಲ್ಲಿಯವರೆಗೆ ಮೂಲೆಯಲ್ಲಿ ಕೂತು ಅವನ ಕುತ್ತಿಗೆಯನ್ನೇ ನೋಡುತ್ತಿದ್ದ ಮಾವ ಈಗ ಬಾಯಿ ತೆರೆದ. "ತಲೆ ಆಡಿಸಿದ್ರೆ ಒಪ್ಪಿದ ಹಾಗೇನಾ?"

"ಮತ್ತಿನ್ನೇನು ತಾತ. ದೊಡ್ಡೋರು, ನಿಮಗೆ ಹೇಳ್ಬೇಕಾ. ಗೋಣು ಹಾಕಿದ್ರೆ ಮಾತು ಕೊಟ್ಟ ಹಾಗೇ. ನಮ್ಮಲ್ಲಿ ಅದೇ ನಿಯಮ."

ಮಾವ ಅದನ್ನು ಮೆಲುಕು ಹಾಕಿದ. ಹಾಗಿದ್ದರೆ ನಾಳೆ ಬೆಳಿಗ್ಗೆ ಬಾರಪ್ಪ, ಮನೆಯ ಒಂದು ಸಾಮಾನನ್ನು ಹರಾಜು ಹಾಕಿ ನಿನ್ನ ಎಂಟು ಸಾವಿರವನ್ನು ನಿನ್ನ ಕಣ್ಣೆದುರಿಗೇ ಹುಟ್ಟಿಸುತ್ತೇನೆ ಎಂದ. ವಸೂಲಿಯವನು ಎದ್ದುನಿಂತು ಕೈ ಮುಗಿದು ಹೋದ.

ಅವನ ಬೆನ್ನು ಮರೆಯಾದದ್ದೇ ತಡ, ಸೊಸೆ ಹರಿಹಾಯ್ದಳು. ನಿಮ್ಮ ಹಟಕ್ಕೆ ನನ್ನ ಅನ್ನಕ್ಕೆ ಕಲ್ಲು ಬಿತ್ತು, ಮನೆಯಲ್ಲಿ ಮಾರುವುದಕ್ಕೆ ಉಳಿದಿರುವುದೇನು, ನನ್ನನ್ನೇ ಮಾರಿಬಿಡಿ ಎಂದಳು. ಬೈದ ಮೇಲೆ ಅವಳಿಗೇ ಕರುಳು ಚುರುಕ್ ಎಂದಿತು. ಬೀದಿಯನ್ನೇ ನಡುಗಿಸುತ್ತಿದ್ದ ದನಿಯ ಮನುಷ್ಯ ವರ್ಷಗಳಿಂದ ಹಾಲು ಬೇಕಾದರೂ ಕೈಸನ್ನೆಯಲ್ಲೇ ಕೇಳುತ್ತಿದ್ದದ್ದನ್ನು ಕಂಡವಳು ಅವಳೇ. ಮಾವ ಮಾತ್ರ ಒಂದು ದಿನ ತಡಿ ಎಂದವನು, ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸತೊಡಗಿದ.

ಭಾನುವಾರ ಮೆಟ್ಟಿಲ ಕೆಳಗಿನ ಅಂಗಳದಲ್ಲಿ ಒಂದು ಮೇಜು, ಎದುರಿಗೆ ನಾಲ್ಕಾರು ಕುರ್ಚಿ. ಬೀಗ ರಿಪೇರಿಯವನು ಬಂದ, ಮೇಲಿನ ಮನೆಯ ಟೈಲರಮ್ಮ ಬಂದಳು, ಸುಮ್ಮನೆ ನೋಡಲೆಂದು ಇನ್ನೊಂದಿಷ್ಟು ಜನ ಬಂದರು. ವಸೂಲಿಯವನಿಗೆ ಮುಂದಿನ ಕುರ್ಚಿ. ಮಾವ ಹಳೆಯ ಕೋಟು ತೊಟ್ಟು, ಮರದ ಸುತ್ತಿಗೆ ಹಿಡಿದು ನಿಂತಾಗ ಸೊಸೆಗೆ ಗುರುತೇ ಸಿಗಲಿಲ್ಲ. ಎಲ್ಲರೆದುರಿಗೆ ಅವನು ಆ ಕಟಕ್ ಸೆಟ್ಟನ್ನೇ ಬಾಯಿಗೆ ಹಾಕಿಕೊಂಡ. ಮಾರುವ ಮಾಲು ಇದೇ ಎಂದ. ಕಟಕ್. ಮಾತಾಡಿದರೆ ಸದ್ದು ಬರುತ್ತದೆ, ಈಗಲೇ ಹೇಳಿದ್ದೇನೆ, ನಾಳೆ ತಕರಾರು ಕೇಳುವುದಿಲ್ಲ. ಕಟಕ್. ಇನ್ನು ಹರಾಜಿನ ಕಟ್ಟಳೆ: ಬೆಲೆಯನ್ನು ಬಾಯಲ್ಲಿ ಹೇಳಬಹುದು, ಕೈ ಎತ್ತಬಹುದು, ತಲೆಯಾಡಿಸಬಹುದು, ಮೂರಕ್ಕೂ ತೂಕ ಒಂದೇ. ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿದ.

ವಸೂಲಿಯವನು ತಲೆಯಾಡಿಸಿದ.

ನೂರರಿಂದ ಶುರುವಾಯಿತು. ಬೀಗದವನು ಇನ್ನೂರು ಎಂದ. ಮುನ್ನೂರು ಯಾರು ಎಂದು ಮಾವ ಮುಂದಿನ ಕುರ್ಚಿಯ ಕಡೆಗೆ ಸುತ್ತಿಗೆ ತೋರಿಸಿದರೆ, ಅಲ್ಲಿ ವಸೂಲಿಯವನ ತಲೆ ಆಡುತ್ತಿತ್ತು. ಪಾಪ, ಅವನ ಸಂತೋಷವೇ ಬೇರೆ. ಮುದುಕ ದುಡ್ಡು ಹುಟ್ಟಿಸುತ್ತಿದ್ದಾನೆ, ಬೀದಿಯವರು ಎಷ್ಟು ಒಳ್ಳೆಯವರು ಎಂದು ಮೊಬೈಲಿನಲ್ಲಿ ತನ್ನ ಕಮಿಷನ್ನಿನ ಲೆಕ್ಕ ಹಾಕುತ್ತ, ಮಾವ ಕೂಗಿದ ಪ್ರತಿಯೊಂದಕ್ಕೂ ತಲೆ ಎತ್ತದೆ ತಲೆಯಾಡಿಸುತ್ತಿದ್ದ. ಟೈಲರಮ್ಮ ಒಂದು ಸಾವಿರಕ್ಕೆ ಹಾರಿದಳು, ಬೀಗದವನು ಮೂರಕ್ಕೆ. ಮಾವನ ದನಿ ಮೆಟ್ಟಿಲು ಹತ್ತಿ ಮೇಲಿನ ಮನೆಗಳ ಕಿಟಕಿ ತೆರೆಸಿತು. ಅಷ್ಟು ಹೊತ್ತಿಗೆ ಬೀಗದವನೂ ಟೈಲರಮ್ಮನೂ ಮಾವನ ಜತೆ ಸೇರಿದ್ದಾರೆಂದು ಸೊಸೆಗೆ ಹೊಳೆಯಿತು. ನಗು ಒತ್ತರಿಸಿ ಬಂದು, ಕೆಮ್ಮುವವಳಂತೆ ಗೋಡೆಗೆ ತಿರುಗಿ ನಿಂತಳು. ಎಂಟು ಸಾವಿರ ಎಂದಳು ಟೈಲರಮ್ಮ. ಎಂಟೂವರೆ ಯಾರು ಎಂದ ಮಾವ. ಬಿಲ್ಲು ತುಂಬಿದ ಖುಷಿಗೆ ವಸೂಲಿಯವನು ಈ ಸಲ ಭುಜದ ಸಮೇತ ತಲೆಯಾಡಿಸಿದ.

ಒಂದ್ಸಲ, ಎರಡ್ಸಲ, ಮೂರ್ಸಲ. ಹಲ್ಲಿನ ಕಟಕ್, ಸುತ್ತಿಗೆಯ ಪೆಟ್ಟು ಎರಡೂ ಒಟ್ಟಿಗೇ ಬಿದ್ದವು.

ಮಾಲು ಮುಂದಿನ ಕುರ್ಚಿಯ ಸಾಹೇಬರದು ಎಂದು ಮಾವ ಘೋಷಿಸಿದಾಗ ವಸೂಲಿಯವನು ಹಿಂದೆ ತಿರುಗಿ ಆ ಸಾಹೇಬರು ಯಾರೆಂದು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮಾವ ಲೆಕ್ಕ ಬಿಡಿಸಿ ಹೇಳಿದ: ನೀನು ಕೊಡಬೇಕಾದದ್ದು ಎಂಟೂವರೆ ಸಾವಿರ, ನಾನು ಕೊಡಬೇಕು ಎನ್ನುತ್ತಿರುವುದು ಎಂಟು, ಮುರಿದುಕೊಂಡು ಐನೂರು ಎಣಿಸಿ ಹಲ್ಲು ತೆಗೆದುಕೊಂಡು ಹೋಗು.

"ಅಯ್ಯೋ ತಾತ, ನಾನು ಒಪ್ಪಿ ತಲೆ ಆಡಿಸಿದ್ದಲ್ಲ. ಕೇಳಿಸ್ಕೊಳ್ತಾ ಇದೀನಿ ಅಂತ ಸುಮ್ನೆ ಆಡಿಸಿದ್ದು."

"ನಾನೂ ಒಪ್ಪಿ ಆಡಿಸಿರ್ಲಿಲ್ಲ ಕಣಪ್ಪ" ಎಂದ ಮಾವ. "ನನ್ನ ಬಾಯಲ್ಲಿ ಹಿಟ್ಟಿತ್ತು."

ವಸೂಲಿಯವನು ಕೆಂಪಗಾಗಿ, ಇದನ್ನು ಇಲ್ಲಿಗೆ ಬಿಡುವುದಿಲ್ಲ, ಅಂಗಡಿಗೆ ಹೇಗೆ ಫೋನು ಮಾಡಬೇಕೋ ಗೊತ್ತಿದೆ ಎಂದು ಬ್ಯಾಗು ಎತ್ತಿಕೊಂಡು ನಡೆದ. ಸೊಸೆಯ ನಗು ಅಲ್ಲಿಗೇ ಆರಿಹೋಯಿತು.

ಆದರೆ ಫೋನು ಮಾಡುವುದು ಬೇರೆಯವರಿಗೂ ಬರುತ್ತದೆ. ಸೋಮವಾರ ವಸೂಲಿ ಕಂಪನಿಯ ಬಾಗಿಲು ತೆರೆಯುವ ಹೊತ್ತಿಗೇ ಮಾವ ಮನೆಯ ಫೋನಿನ ಮುಂದೆ ಹಲ್ಲು ಹಾಕಿಕೊಂಡು ಕೂತ. ನಿಮ್ಮ ಕಂಪನಿಯ ಇಂಥವರು ನಮ್ಮಲ್ಲಿ ಒಂದು ಸೆಟ್ಟು ಹಲ್ಲು ಕೊಂಡು ಐನೂರು ಬಾಕಿ ಉಳಿಸಿದ್ದಾರೆ, ದಯವಿಟ್ಟು ಸ್ವಲ್ಪ ನೆನಪು ಮಾಡಿ ಎಂದು ಫೋನು ಎತ್ತಿದ ಹುಡುಗಿಗೆ ಬೆಣ್ಣೆಯಂತೆ ಹೇಳಿದ. ಕಟಕ್. ಆಮೇಲೆ ಪಕ್ಕದ ಟೇಬಲ್ಲಿನವನಿಗೆ. ಊಟವಾದ ಮೇಲೆ ಮ್ಯಾನೇಜರಿಗೆ. ಅವರು ಏನು ಹೇಳಿದರೂ ಹೂಂ, ಹೂಂ ಎಂದು ಪೂರ್ತಿ ಕೇಳಿಸಿಕೊಂಡು, ಆಯ್ತು, ಅವರು ಯಾವಾಗ ಕಟ್ಟುತ್ತಾರೆ ಎನ್ನುತ್ತಿದ್ದ. ಮಂಗಳವಾರ ಮತ್ತೆ ಅದೇ ಪಾಠ.

ಇತ್ತ ಅಂಗಡಿಯಲ್ಲಿ ಸೊಸೆಗೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗಿತ್ತು. ಗಾಜು ಕೊಯ್ಯುವ ಕಿರ್ ಸದ್ದಿಗೂ ಬೆಚ್ಚುತ್ತಿದ್ದಳು, ಚಿಲ್ಲರೆಯ ಲೆಕ್ಕ ತಪ್ಪುತ್ತಿದ್ದಳು. ಬುಧವಾರ ಫೋನು ಹೊಡೆದುಕೊಂಡಿತು. ಗಿರಾಕಿಗೆ ಅಳತೆ ಹಿಡಿಯುತ್ತಿದ್ದ ಯಜಮಾನಿ ಟೇಪು ಹಿಡಿದಂತೆಯೇ ಕಣ್ಣು ಇತ್ತ ತಿರುಗಿಸಿದಳು. ಎಲ್ಲ ಕನ್ನಡಿಗಳೊಳಗಿಂದಲೂ ಯಜಮಾನಿಯರು ನೋಡಿದರು. ಸೊಸೆ ಎತ್ತಿದಳು. ಬೆಣ್ಣೆ ದನಿಯೇ, ಆದರೆ ಈಗ ಬೆಣ್ಣೆ ಕರಗಿ ನೀರಾಗಿತ್ತು.

ಅವನು ಪಿಸುಗುಟ್ಟಿದ. ಆಫೀಸಿನಲ್ಲಿ ಎಲ್ಲರೂ ತನ್ನನ್ನು ಕಟಕ್ ಎಂದೇ ಕರೆಯುತ್ತಿದ್ದಾರೆ. ಇನ್ನೊಂದು ಸಲ ಆ ಮುದುಕನ ಫೋನು ಬಂದರೆ ನೀನು ಬರುವುದೇ ಬೇಡ ಎಂದಿದ್ದಾರೆ ಮ್ಯಾನೇಜರು. ಮನೆಯಲ್ಲಿ ತನ್ನ ದುಡಿಮೆ ನಂಬಿದವರಿದ್ದಾರೆ, ಹೇಗಾದರೂ ಮಾವನಿಗೆ ಹೇಳಿ ನಿಲ್ಲಿಸಿ ಎಂದ. ಸೊಸೆಗೆ ಕನಿಕರ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದೇ ಮಾತನ್ನು ಅದೇ ಕಣ್ಣೀರಿನಲ್ಲಿ ತಾನು ಹೇಳಿದ್ದಾಗ ಆಡುತ್ತಿದ್ದ ಆ ತಲೆಯೂ ನೆನಪಿಗೆ ಬಂತು. ಅವಳು ಹೂಂ ಎಂದಳು, ಮತ್ತೊಮ್ಮೆ ಹೂಂ ಎಂದಳು, ಅವನು ಪೂರ್ತಿ ಬರಿದಾಗುವವರೆಗೆ ಕಾದಳು.

"ಆಯ್ತು. ಯಾವಾಗ ಕಟ್ತೀರಾ?"

ಅವನು ತಾನಾಗಿಯೇ ಹೇಳಿದ: ಬಾಯಿ ತುಂಬ ಹಿಟ್ಟಿದ್ದವರು ತಲೆಯಾಡಿಸಿದ್ದು ಒಪ್ಪಿಗೆಯಲ್ಲ, ಬಿಲ್ಲು ರದ್ದು ಎಂದು ಕಂಪನಿಯ ಕಾಗದದಲ್ಲಿ ಬರೆಸಿ ಇವತ್ತೇ ಕಳಿಸುತ್ತೇನೆ. ಅಷ್ಟು ಸಾಲದು ಎಂದು ಸೊಸೆ ಯಜಮಾನಿಯನ್ನು ಕರೆದು ರಿಸೀವರು ಕೊಟ್ಟಳು. ಈ ಮನೆಯವರದು ಯಾವ ಬಾಕಿಯೂ ಇಲ್ಲ, ತಪ್ಪು ನಮ್ಮದೇ ಎಂದು ಅವನು ಹೇಳಿದ್ದನ್ನು ಯಜಮಾನಿ ಪೂರ್ತಿ ಕೇಳಿಸಿಕೊಂಡು, ಈ ಸಲವೂ ರಿಸೀವರನ್ನು ಮೆಲ್ಲಗೇ ಇಟ್ಟಳು. ಯಾರಮ್ಮ ಅದು, ಬಡಪಾಯಿ, ಅಷ್ಟು ಹೆದರಿದ್ದಾನೆ ಎಂದಳು.

"ನಮ್ಮ ಮಾವನ ಗಿರಾಕಿ" ಎಂದು ಸೊಸೆ ಗಲ್ಲಾ ತೆರೆದು ನೋಟು ಜೋಡಿಸತೊಡಗಿದಳು. ಕನ್ನಡಿಗಳಲ್ಲೆಲ್ಲ ಅವಳು ನಗುತ್ತಿದ್ದಳು.

ಸಂಜೆ ಮನೆಗೆ ಹೋದಾಗ ಮಾವ ಇನ್ನೂ ಫೋನಿನ ಮುಂದೆಯೇ ಇದ್ದ. ಸಾಕು ಮಾವ, ಅವನು ಒಪ್ಪಿದ, ಬಿಲ್ಲು ಹೋಯಿತು, ಕೆಲಸ ಉಳಿಯಿತು ಎಂದಳು. ಮಾವನ ಮುಖದಲ್ಲಿ ಸಂತೋಷಕ್ಕಿಂತ ಆಟ ಮುಗಿದ ಬೇಸರವೇ ಹೆಚ್ಚಿತ್ತು. ಅನುಮಾನದಿಂದ ಕೇಳಿದ.

"ಬಾಯ್ಬಿಟ್ಟು ಒಪ್ಪಿದ್ನಾ, ಇಲ್ಲ ಬರೀ ತಲೆ ಆಡಿಸಿದ್ನಾ?"

"ಬಾಯ್ಬಿಟ್ಟೇ ಮಾವ. ಯಜಮಾನಿ ಹತ್ರಾನೂ ಹೇಳಿಸಿದೀನಿ."

ಹಾಗಿದ್ದರೆ ಸರಿ ಎಂದ ಮಾವ. ಹಲ್ಲು ತೆಗೆದು, ತೊಳೆದು, ಒರೆಸಿ ಡಬ್ಬಿಗೆ ಹಾಕಿ, ಹಳೆಯ ಸಡಿಲ ಸೆಟ್ಟನ್ನು ಬಾಯಿಗೇರಿಸಿದ. ಮಾರಿದ ಮಾಲನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಆ ಐನೂರು ಅವನಿಗೆ ಮಾಫಿ ಎಂದು ಹೇಳಿ, ಡಬ್ಬಿಯ ಮೇಲೆ ವಸೂಲಿ ಕಂಪನಿಯ ವಿಳಾಸ ಬರೆಯಲು ಸೊಸೆಯ ಹತ್ತಿರ ಪೆನ್ನು ಕೇಳಿದ. ಕೈಸನ್ನೆಯಲ್ಲಲ್ಲ, ಮೇಲಿನ ಮನೆಯ ಟೈಲರಮ್ಮನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದ.