ಹದಿನೆಂಟನೇ ಕಂಬ

ಬೆಟ್ಟದ ಅರಣ್ಯ ಉದ್ಯಾನಕ್ಕೆ ಹೋಗೋಣ ಎಂದು ಅಕ್ಕ ಹೇಳಿದಾಗಲೇ ನಾನು ಬೇಡವೆನ್ನಬೇಕಿತ್ತು. ಇವರಿಗೆ ಬೇರೆ ಬೆಟ್ಟವೇ ಸಿಗಲಿಲ್ಲವೇ? ಅದರ ತುದಿಯ ಕಬ್ಬಿಣದ ಕಟಕಟೆಯನ್ನು ಮೂರು ತಿಂಗಳ ಹಿಂದೆ ಬೆಸೆದವನು ನಾನು. ಹದಿನೇಳು ಕಂಬಗಳ ಬುಡಕ್ಕೆ ಸುತ್ತಲೂ ವೆಲ್ಡಿಂಗ್ ಕೊಟ್ಟಿದ್ದೆ. ಕೊನೆಯ ಹದಿನೆಂಟನೆಯದಕ್ಕೆ ಬರುವಷ್ಟರಲ್ಲಿ ವೆಲ್ಡಿಂಗ್ ರಾಡ್ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಸಾಹೇಬರು ನೋಡಲು ಬರುತ್ತಾರೆ, ಎರಡು ಚುಕ್ಕಿ ಬೆಸುಗೆ ಹಾಕಿ ಬಣ್ಣ ಬಳಿದು ಇಳಿ ಎಂದು ವರ್ಕ್‌ಶಾಪ್ ಮಾಲೀಕ ಫೋನಿನಲ್ಲಿ ಕಿರುಚಿದ. ಚುಕ್ಕಿ ಹಾಕಿದೆ. ಬಣ್ಣ ಬಳಿದೆ. ಆ ಹಾಳು ಕೈ ನನ್ನದೇ.

ವ್ಯಾನಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಡಿದ ಪಂಡಿತ ಎಂದು ಭಾವ ಎಂದಿನಂತೆ ಕೆಣಕಿದರು. ಅಕ್ಕ ನಕ್ಕಳು. ಮರಗಳು, ತಿರುವುಗಳು, ತಂಪು ಗಾಳಿ, ಯಾವುದೂ ನನ್ನ ಗಮನಕ್ಕೆ ಬರಲಿಲ್ಲ. ಹತ್ತುವ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದೆ, ಮತ್ತೆ ನಿಂತು ಕಾಯುತ್ತಿದ್ದೆ.

ತುದಿಯಲ್ಲಿ ಜನ ಕಟಕಟೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೆಳಗೆ ತಳ ಕಾಣದ ಕಣಿವೆ. ಭಾವ ಗುರುತಿಲ್ಲದ ದಂಪತಿಯನ್ನು ನಿಲ್ಲಿಸಿಕೊಂಡು, "ಇದೆಲ್ಲ ನಮ್ಮ ಬಾಮೈದನ ಕೈಕೆಲಸ. ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ," ಅಂದರು.

ಅಕ್ಕನ ಮದುವೆಯಾದ ಆರು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಹೊಗಳಿಕೆ. ಹೇಳಿಯೇ ನಡೆದುಹೋಗಿ ಕೊನೆಯ ಕಂಬಕ್ಕೆ ಬೆನ್ನು ಕೊಡಲು ಹೊರಟರು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಇವತ್ತಿನ ಮಟ್ಟಿಗಾದರೂ.

"ಭಾವ, ಅದಕ್ಕೆ ಒರಗಬೇಡಿ."

"ಯಾಕೋ, ಬಣ್ಣ ಹತ್ತುತ್ತಾ?"

ತೋಳು ಹಿಡಿದು ಈಚೆ ಎಳೆದೆ. ಆಮೇಲೆ ಕಂಬದ ಬುಡಕ್ಕೆ ಒದ್ದೆ. ಮಾಲೀಕನ ಮುಖ ನೆನೆದು ಎರಡನೇ ಸಲ ಒದ್ದೆ. ಟಣ್ ಎಂದು ಚುಕ್ಕಿಗಳು ಬಿಟ್ಟವು. ಕಂಬ ಮೇಲಿನ ಪೈಪಿಗೆ ಜೋತುಬಿದ್ದು ಕಣಿವೆಯ ಮೇಲೆ ತೂಗಾಡಿತು.

ಕಾವಲುಗಾರ ಓಡಿಬಂದು ನನ್ನ ಕೊರಳಪಟ್ಟಿ ಹಿಡಿದ.

"ಮುರಿದಿದ್ದೂ ನಾನೇ, ಬೆಸೆದಿದ್ದೂ ನಾನೇ. ಅದಕ್ಕೆ ಪೂರ್ತಿ ವೆಲ್ಡಿಂಗ್ ಹಾಕಿರ್ಲಿಲ್ಲ," ಎಂದೆ. "ಹಗ್ಗ ಕಟ್ಟಿ ಮೊದಲು."

ಅವನು ಹಗ್ಗ ತರಲು ಓಡಿದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಭಾವ ಹದಿನೇಳನೇ ಕಂಬದ ಬಳಿ ಹೋಗಿ ಎರಡೂ ಕೈಯಿಂದ ಅಲ್ಲಾಡಿಸಿದರು. ಆಮೇಲೆ ಹದಿನಾರನೆಯದನ್ನು.

"ಅದು ಗಟ್ಟಿ ಇದೆ ಭಾವ," ಎಂದೆ.

ಅವರು ಹದಿನೈದನೆಯದರತ್ತ ಹೋದರು.