ಫೋನ್ ಮಾಡುವವರು ಯಾರು?

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟು ನಾದುವ ಮೇಜಿನ ಮೇಲೆ ಅವತ್ತು ಮಧ್ಯಾಹ್ನ ಒಂದು ಕಾಡು ಎದ್ದು ನಿಂತಿತ್ತು. ಮಿಕ್ಕ ಹಿಟ್ಟನ್ನು ತಟ್ಟಿ, ಚಿವುಟಿ, ಮೇಲಕ್ಕೆಳೆದು ಮಗಳು ತಾನು ಹೋಗಲಿರುವ ಕಾಡಿನ ಬೆಟ್ಟಸಾಲು ಮಾಡಿದ್ದಳು. ಬೆರಳಿಂದ ಗೀರಿದ್ದು ಹೊಳೆ. ಒಣಹಿಟ್ಟು ಉದುರಿಸಿದ್ದೇನು, ಹಿಮವೇ ಅಂತ ಚಿಕ್ಕಪ್ಪ ಕೇಳಿದ.

"ಅಲ್ಲ, ಜಾರೋ ಜಲ್ಲಿ. ಅಲ್ಲಿ ಎರಡು ಹೆಜ್ಜೆ ಹತ್ತಿದ್ರೆ ಒಂದು ಹೆಜ್ಜೆ ಕೆಳಗೆ."

"ನಮ್ಮ ವ್ಯಾಪಾರದ ಹಾಗೆ ಅನ್ನು."

ಚಿಕ್ಕಪ್ಪ ಮುಂದಿನ ಕೌಂಟರಿನಲ್ಲಿ ಕೂರುವವನು. ಬನ್ ಬಿಸಿಯಿದೆಯೋ ಅಂತ ದಿನಾ ಕೇಳುವ ಹಲ್ಲಿಲ್ಲದ ವಕೀಲರಿಂದ ಹಿಡಿದು, ಚಿಲ್ಲರೆ ಇಲ್ಲ ಅಂದರೆ ಬಿಕ್ಕಳಿಸುವ ಟೈಪಿಸ್ಟಮ್ಮನವರೆಗೆ ಎಲ್ಲರ ದನಿಯನ್ನೂ ಅಣಕಿಸುವ ಅವನ ಗಂಟಲಿನಲ್ಲಿ ಇಡೀ ಬೀದಿ ಬಾಡಿಗೆಗಿತ್ತು. ಅಣ್ಣನ ಮಗಳು ಶಾಲೆಯಲ್ಲಿ ಆಟ ಕಲಿಸುವವಳು; ಅವಳಿಗೆ ಅವನಿಟ್ಟ ಹೆಸರು ಪೀಪಿ. ಅವಳ ಕೊರಳಲ್ಲಿ ಸೀಟಿ ಯಾವಾಗಲೂ ತೂಗುತ್ತಿತ್ತು.

"ರಾಷ್ಟ್ರೀಯ ಉದ್ಯಾನ ಅಂತೆ! ಕೂರೋಕೆ ಬೆಂಚಿಲ್ಲ, ಮಾತಾಡೋಕೆ ಮಾಲಿ ಇಲ್ಲ. ಏಳು ದಿನ ನಡೆಯೋಕೆ ಅದೇನು ಉದ್ಯಾನವೇನೇ ಪೀಪಿ, ಉದ್ಯೋಗ!"

ಅಪ್ಪ ನಗಲಿಲ್ಲ, ಆದರೆ ಹೊರಡುವ ತಯಾರಿಯಿಂದ ದೂರವೂ ಉಳಿಯಲಿಲ್ಲ. ಅವಳ ಬೆನ್ನುಚೀಲವನ್ನು ಹಿಟ್ಟಿನ ಮೂಟೆ ತೂಗುವ ತಕ್ಕಡಿಗೆ ಹಾಕಿ, ಸ್ವೆಟರ್ ಒಂದನ್ನು ತೆಗೆಸಿದ. ನೀರಾರಿ ಗರಿಗರಿ ಆಗುವಂತೆ ಎರಡು ಸಲ ಸುಟ್ಟ ರಸ್ಕನ್ನು ದಿನಕ್ಕೊಂದು ಪೊಟ್ಟಣ ಕಟ್ಟಿದ. ಹೊಳೆ ದಾಟುವಾಗ ಚೀಲದ ಎದೆಪಟ್ಟಿ ಬಿಚ್ಚಿರಬೇಕು, ಬಿದ್ದರೆ ಚೀಲ ಹೋಗಲಿ, ಆಳು ಉಳಿಯಲಿ ಅಂದ. ಇದನ್ನೆಲ್ಲ ಎಲ್ಲಿ ಓದಿದ, ಯಾವಾಗ ಓದಿದ ಅಂತ ಯಾರೂ ಕೇಳಲಿಲ್ಲ.

"ಒಂದು ಬಾಕಿ ಇದೆ," ಅಂದಳು ಮಗಳು. "ಹೊರಗೆ ಒಬ್ಬರು ಬೇಕು."

ಅಪ್ಪ ಪೊಟ್ಟಣದ ದಾರ ಹುಡುಕತೊಡಗಿದ. ದಾರ ಅವನ ಕೈಯಲ್ಲೇ ಇತ್ತು.

ಆ ಕಾಡಿನ ನಿಯಮ ಸರಳ. ಒಳಗೆ ಫೋನ್ ಸಿಗುವುದಿಲ್ಲ. ಹೋಗುವವರು ತಾವು ಹೊರಬರುವ ಗಂಟೆಯನ್ನು ಮನೆಯಲ್ಲೊಬ್ಬರಿಗೆ ಹೇಳಿ ಹೋಗಬೇಕು. ಆ ಗಂಟೆ ಮೀರಿದರೆ ಮನೆಯವರು ಕಾಡಿನ ಕಚೇರಿಗೆ ಫೋನ್ ಮಾಡಬೇಕು. ಮಾಡಿದರೆ ಹುಡುಕುತ್ತಾರೆ. ಮಾಡದಿದ್ದರೆ ಇಲ್ಲ.

ಈ ಮನೆಯಿಂದ ಆ ಕಾಡಿಗೆ ಮೊದಲೊಬ್ಬ ಹೋಗಿದ್ದ. ಮಗಳ ಅಣ್ಣ. ಹುಟ್ಟುವಾಗಲೇ ಎರಡು ವಾರ ತಡ ಮಾಡಿದ್ದಕ್ಕೆ ಆಮೆ ಅಂತ ಹೆಸರು ಬಿತ್ತು. ದೊಡ್ಡವನಾದ ಮೇಲೂ ಹೆಸರಿಗೆ ಚ್ಯುತಿ ತರಲಿಲ್ಲ. ಮದುವೆಗೆ ಕರೆದರೆ ಕೂಸು ಹುಟ್ಟಿದ ಮೇಲೆ ಬರುವ ಆಸಾಮಿ. ಯಾವುದೋ ಸಣ್ಣ ಬೆಟ್ಟಕ್ಕೆ ಹೋಗಿ ತಡವಾದಾಗ ಒಮ್ಮೆ ಅಪ್ಪ ಗಾಬರಿಯಿಂದ ಅಲ್ಲಿನ ಕಾವಲು ಚೌಕಿಗೆ ಫೋನ್ ಮಾಡಿದ್ದುಂಟು. ಆ ಕಡೆಯವನು "ಮೂವತ್ತು ವರ್ಷದ ಮಗುವಾ ಸಾರ್?" ಅಂತ ನಗುತ್ತಿರುವಾಗಲೇ ಆಮೆ ಬಾಗಿಲಲ್ಲಿ ನಿಂತಿದ್ದ. "ಅಪ್ಪಾ, ಮಾನ ತೆಗೆದ್ಯಲ್ಲಪ್ಪಾ," ಅಂದಿದ್ದ.

ಅದಾಗಿ ಮುಂದಿನ ವರ್ಷ ಇದೇ ಏಳು ದಿನದ ದಾರಿ. ಬರಬೇಕಾದ ಸಂಜೆ ಅವನು ಬರಲಿಲ್ಲ. ಅಪ್ಪ ಫೋನ್ ಎತ್ತಿದ, ಆ ನಗು ನೆನಪಾಗಿ ಇಟ್ಟ. "ಬಿಡು ಅಣ್ಣಯ್ಯ, ತಡ ಆದ್ರೂ ದಡ ಸೇರೋ ಹುಡುಗ," ಅಂತ ಚಿಕ್ಕಪ್ಪ ಆಮೆಯ ಎಳೆದೆಳೆದು ಮಾತಾಡುವ ದನಿಯಲ್ಲೇ ನೆಪ ಹೇಳಿ ತೋರಿಸಿದ, ಎಲ್ಲರೂ ನಕ್ಕರು. ಬೆಳಿಗ್ಗೆ ನೋಡೋಣ ಅಂದರು. ಬೆಳಿಗ್ಗೆ, ಮಧ್ಯಾಹ್ನ ನೋಡೋಣ ಅಂದರು. ಕಾಲು ಮುರಿದು ಹೊಳೆಯ ದಡದಲ್ಲೇ ಕೂತಿದ್ದ ಅವನು ಆ ಬೆಳಿಗ್ಗೆಯವರೆಗೂ ಉಸಿರಾಡುತ್ತಿದ್ದ ಅಂತ ಆಮೇಲೆ ಡಾಕ್ಟರು ಹೇಳಿದರು.

ಅಂದಿನಿಂದ ಚಿಕ್ಕಪ್ಪನ ಗಂಟಲಿನಲ್ಲಿ ಆಮೆಯ ದನಿಯಿದ್ದ ಆ ಒಂದು ಮನೆಗೆ ಬೀಗ.

"ಚಿಕ್ಕಪ್ಪ ಇದ್ದಾನಲ್ಲ, ಅವನಿಗೆ ಹೇಳು," ಅಂದ ಅಪ್ಪ.

"ನಿನಗೇ ಹೇಳ್ತಿರೋದು."

"ನಿಮ್ಮ ಹೆಡ್‌ಮೇಡಂ ಜವಾಬ್ದಾರಿಯೋರು."

"ಅವರು ಒಪ್ತಾರಪ್ಪ. ಆದ್ರೆ ನಾನಲ್ಲಿ ಕಾಲು ಉಳುಕಿಸ್ಕೊಂಡು ಕೂತಾಗ, ಫೋನ್ ಮಾಡೇ ಮಾಡ್ತಾರೆ ಅಂತ ನಂಬ್ಕೊಂಡು ಕೂರ್ಬೇಕಲ್ಲ."

"ನನ್ನ ನಂಬ್ತೀಯಾ?" ಅಂದ ಅಪ್ಪ. "ಎಲ್ಲ ಗೊತ್ತಿದ್ದೂ?"

"ಗೊತ್ತಿರೋದ್ರಿಂದಲೇ. ನೀನು ಒಂದ್ಸಲ ಮಾಡ್ಲಿಲ್ಲ. ಇನ್ನೊಂದ್ಸಲ ಮಾಡದೇ ಇರಲ್ಲ."

"ಅಲ್ಲಿಗೇ ಯಾಕೆ ಹೋಗ್ಬೇಕು? ಅವನು ಕೂತ ಜಾಗ ನೋಡೋಕಾ?"

"ಅಲ್ಲ. ಅದರಾಚೆ ಏನಿದೆ ನೋಡೋಕೆ. ಅವನು ನೋಡ್ಬೇಕು ಅಂತಿದ್ದದ್ದು ಅದನ್ನೇ. ನೀನು ಒಪ್ಪದಿದ್ರೆ ನಾನು ಹೋಗಲ್ಲ, ಅಷ್ಟೇ."

ಅಪ್ಪ ಮೇಜಿನ ಬೆಟ್ಟಗಳನ್ನೆಲ್ಲ ಒಟ್ಟಿಗೆ ಬಾಚಿ, ಉಂಡೆ ಮಾಡಿ, ಒದ್ದೆಬಟ್ಟೆ ಮುಚ್ಚಿದ. ಒಪ್ಪಿದೆ ಅನ್ನಲಿಲ್ಲ.

ಮುಂದಿನ ಭಾನುವಾರ ಊರಾಚೆಯ ಬೆಟ್ಟಕ್ಕೆ ತುಂಬಿದ ಚೀಲ ಹೊತ್ತು ಹತ್ತಿಳಿದು ನೋಡುವುದು ಅಂತಾಯಿತು. ಹೊರಡುವಾಗ ಮಗಳು ಸೀಮೆಸುಣ್ಣದಲ್ಲಿ ಒಲೆಯ ಪಕ್ಕದ ಗೋಡೆಗೆ ಒಂದು ನಂಬರ್ ಬರೆದಳು. "ಬೆಟ್ಟದ ಬುಡದ ಕಾವಲು ಚೌಕೀದು. ಐದಕ್ಕೆ ಮನೇಲಿರ್ತೀನಿ. ಇಲ್ಲದಿದ್ರೆ ಇದಕ್ಕೆ ಮಾಡು."

ಅಪ್ಪ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ. ಸವರುತ್ತಲೇ ಇದ್ದ.

ಬೆಟ್ಟ ಅವಳಿಗೆ ಸುಲಭವಾಯಿತು. ವಾಪಸು ಬಸ್ಸಿಳಿದಾಗ ಇನ್ನೂ ಐದಾಗಿರಲಿಲ್ಲ. ರಸ್ತೆ ದಾಟಿದರೆ ಬೇಕರಿ. ಆದರೆ ಕಾಲು ದಾಟಲಿಲ್ಲ. ಭಾನುವಾರ ಮುಚ್ಚಿದ್ದ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ, ನೆರಳಿನಲ್ಲಿ, ಚೀಲದ ಸಮೇತ ಕೂತುಬಿಟ್ಟಳು. ಮೊದಲೇ ಯೋಚಿಸಿದ್ದಲ್ಲ. ಕೂತ ಮೇಲೆ, ಅಪ್ಪ ಫೋನ್ ಮಾಡುತ್ತಾನೋ ಇಲ್ಲವೋ ನೋಡದೆ ಏಳುವುದಕ್ಕೆ ಆಗಲಿಲ್ಲ.

ಗಾಜಿನಾಚೆ ಕೌಂಟರು, ಹಿಂದಿನ ಕೋಣೆಯ ತೆರೆದ ಬಾಗಿಲಾಚೆ ಒಲೆ, ಎಲ್ಲ ಕಾಣುತ್ತಿತ್ತು. ಅಪ್ಪ ಸಂಜೆಯ ಬ್ರೆಡ್ಡನ್ನು ಒಲೆಗೆ ತಳ್ಳಿದ. ಬಿಸ್ಕತ್ತು ಅರ್ಧ ನಿಮಿಷ ಹೆಚ್ಚು ಬೆಂದರೆ ಇಡೀ ತಟ್ಟೆ ಎಸೆಯುವ ಮನುಷ್ಯ ಅವನು. ಆ ಒಲೆಯಿಂದ ಕರಕಲು ವಾಸನೆ ಬಂದದ್ದನ್ನು ಈ ಬೀದಿಯ ಮೂಗು ಕಂಡಿರಲಿಲ್ಲ.

ಐದಾಯಿತು. ಅಪ್ಪ ಬಾಗಿಲಿಗೆ ಬಂದು ಬಸ್ ನಿಲ್ದಾಣದ ಕಡೆ ನೋಡಿದ. ಅವಳು ಅಂಗಡಿ ಮುಂದಿನ ಕಂಬದ ಹಿಂದೆ ಸರಿದಳು. ಅಪ್ಪ ಒಳಗೆ ಹೋಗಿ ಫೋನ್ ಎತ್ತಿದ. ಇಟ್ಟ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಸಾಕು, ಎದ್ದು ಹೋಗೋಣ ಅಂದುಕೊಂಡಳು. ಚಿಕ್ಕಪ್ಪ ಕೈಯಾಡಿಸಿ ಏನೋ ಹೇಳುತ್ತಿದ್ದ. ಆ ಕೈ ನೋಡಿದರೇ ಗೊತ್ತು, ಬಸ್ಸು ಕೆಟ್ಟಿರತ್ತೆ ಬಿಡು ಅನ್ನುವ ಕೈ. ಅಷ್ಟರಲ್ಲಿ ಒಲೆಯ ಗಂಟೆ ಟ್ರಿಣ್ ಅಂತ ಬೀದಿಗೆ ಕೇಳಿಸಿತು.

ಅಪ್ಪ ಒಲೆಯ ಕಡೆ ತಿರುಗಲಿಲ್ಲ. ಗೋಡೆಯ ನಂಬರ್ ನೋಡಿ ನೋಡಿ ಒಂದೊಂದೇ ಅಂಕಿ ಒತ್ತಿದ. ಲೈನ್ ಸಿಗದೆ ಮತ್ತೆ ಮತ್ತೆ ಒತ್ತಿದ.

ಕರಕಲು ವಾಸನೆ ರಸ್ತೆ ದಾಟಿ ಬಂದಾಗ ಅವಳು ಎದ್ದು ಓಡಿದಳು.

"...ನನ್ನ ಮಗಳು ಸಾರ್. ಬೆಟ್ಟಕ್ಕೆ ಹೋಗಿದ್ದಾಳೆ, ಬಂದಿಲ್ಲ. ಐದಕ್ಕೆ ಬರ್ಬೇಕಿತ್ತು... ಹೌದು ಸಾರ್, ಈಗ ಐದು ದಾಟಿ ಹತ್ತೇ ನಿಮಿಷ... ನಗಿ ಸಾರ್, ಪರವಾಗಿಲ್ಲ. ನಕ್ಕೊಂಡೇ ಹುಡುಕಿ."

ಆಗ ಬಾಗಿಲಲ್ಲಿ ನಿಂತವಳನ್ನು ಕಂಡ.

"ಬಂದಳು ಸಾರ್," ಅಂದ. "ಹ್ಞಾಂ... ತೊಂದರೆ ಕೊಟ್ಟೆ. ಇನ್ನು ಮುಂದೆಯೂ ಕೊಡ್ತೀನಿ."

ಫೋನ್ ಇಟ್ಟ.

"ಎದುರಿನ ಮೆಟ್ಟಿಲ ಮೇಲೇ ಇದ್ದೆ ಅಪ್ಪ," ಅಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆಗಲೇ ಬಂದಿದ್ದೆ."

"ಥೂ ಕತ್ತೆ! ಮುದುಕನ ಎದೆ ಒಡೀಬೇಕು ಅಂತಿದ್ಯಾ?" ಚಿಕ್ಕಪ್ಪ ಕೂಗಿದ. ಅಣ್ಣನ ಮುಖ ನೋಡಿದ, ಫೋನ್ ನೋಡಿದ. ಆಮೇಲೆ, ಕೇಳಿಸೀತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, ಅವನ ಬಾಯಿಂದ ಆ ಎಳೆದೆಳೆದು ಆಡುವ ದನಿ ಹೊರಬಂತು:

"ಅಪ್ಪಾ... ಮಾನ ತೆಗೆದ್ಯಲ್ಲಪ್ಪಾ."

ಆಮೆಯ ದನಿ. ತಪ್ಪಿಲ್ಲ. ಮಗಳ ಬೆನ್ನಿನ ಚೀಲ ಜಾರಿ ನೆಲಕ್ಕೆ ಬಿತ್ತು. ಚಿಕ್ಕಪ್ಪ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ.

ಅಪ್ಪ ಸ್ಟೂಲಿನ ಮೇಲೆ ಕೂತ. "ಇನ್ನೊಂದ್ಸಲ ಅನ್ನೋ," ಅಂದ ತಮ್ಮನಿಗೆ. ಚಿಕ್ಕಪ್ಪ ತಲೆಯಾಡಿಸಿ ಒಲೆಯ ಕಡೆ ಬೆರಳು ತೋರಿಸಿದ.

ಆಮೇಲೆ ಒಲೆಯ ಬಾಗಿಲು ತೆಗೆದರು. ಹೊಗೆ ನುಗ್ಗಿತು. ಸಾಲಾಗಿ ಕಪ್ಪಗೆ ಕೂತಿದ್ದ ಬ್ರೆಡ್ಡುಗಳನ್ನು ಅಪ್ಪ ಒಂದೊಂದಾಗಿ ಹೊರಗೆಳೆದು ಮೇಜಿನ ಮೇಲಿಟ್ಟ. ಎಸೆಯಲಿಲ್ಲ. ಒಂದನ್ನು ಮುರಿದ; ಒಳಗೆ ಬೆಳ್ಳಗಿತ್ತು. ಮಗಳಿಗೊಂದು ಚೂರು, ತಮ್ಮನಿಗೊಂದು ಚೂರು ಕೊಟ್ಟ. ಮೂವರೂ ನಿಂತೇ ತಿಂದರು.

"ಕಾಡಿಂದ ಏಳನೇ ದಿನ ಎಷ್ಟು ಗಂಟೆಗೆ ಹೊರಗೆ ಬರ್ತೀಯಾ?"

"ಸಾಯಂಕಾಲ ಆರಕ್ಕೆ."

ಅಪ್ಪ ಸೀಮೆಸುಣ್ಣ ತಗೊಂಡು ಒಲೆಯ ಬಾಗಿಲ ಮೇಲೆ ದಪ್ಪಗೆ ಆರು ಅಂತ ಬರೆದ. ಬಿಸಿಗೆ ಸುಣ್ಣ ಒಂದಿಷ್ಟು ಉದುರಿತು. ಅದರ ಮೇಲೇ ಮತ್ತೆ ತಿದ್ದಿದ.

"ಅವತ್ತು ಆರಕ್ಕೆ ಒಲೆಯೊಳಗೆ ಏನೂ ಇಡಲ್ಲ," ಅಂದ.